ಬೂಸ್ಟು ಹಿಡಿದ ಹಳೇ ಲೆನ್ಸ್: ರಿಪೇರಿಗೆ ಕೊಡುವ ಮೊದಲು ಇಷ್ಟು ನೋಡಿ

ಸಕಲೇಶಪುರದ ಕಡೆಯ ಹಳೇ ಮನೆಗಳಲ್ಲಿ ಮರದ ಬೀರು ತೆಗೆದರೆ ಬಟ್ಟೆಗಿಂತ ಮೊದಲು ಬೂಸ್ಟಿನ ವಾಸನೆ ಹೊರಗೆ ಬರುತ್ತದೆ. ಹೋದ ದಸರಾ ರಜೆಯಲ್ಲಿ ಅಕ್ಕನ ಮಗ ಅಂಥದ್ದೇ ಒಂದು ಬೀರುವಿನಿಂದ ಅವನ ತಾತನ ಲೆನ್ಸ್ ತೆಗೆದುಕೊಂಡು ಹಾಸನಕ್ಕೆ ನಮ್ಮನೆಗೆ ಬಂದ. ನಿಕಾನ್ 50 ಎಂ.ಎಂ., ಎಫ್ 1.8, ಕೈಯಲ್ಲೇ ಫೋಕಸ್ ತಿರುಗಿಸುವ ಮಾದರಿ. ತಾತ ಹೋದ ಮೇಲೆ ಯಾರೂ ಮುಟ್ಟಿರಲಿಲ್ಲ. ಚರ್ಮದ ಕೇಸಿನೊಳಗೆ ಹತ್ತು ಹನ್ನೆರಡು ಮಳೆಗಾಲ ಕಳೆದಿತ್ತು.

"ಮಾವ, ಒಳಗೆಲ್ಲ ಜೇಡರ ಬಲೆ ಕಟ್ಟಿದಂಗಿದೆ. ಇದನ್ನ ಎಸೆದು ಹೊಸದು ತಗೋ ಅಂತಿದ್ದಾರೆ ಎಲ್ರೂ. ಹೋಯ್ತಾ ಇದು?" ಅಂದ.

"ಎಸೆಯೋದು ಯಾವಾಗ ಬೇಕಾದ್ರೂ ಎಸೀಬಹುದು ಮಾರಾಯ. ಮೊದಲು ಟಾರ್ಚ್ ತಗೊಂಡು ಬಾ" ಅಂದೆ.

ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಹಾಸನದಲ್ಲಿ ಮದುವೆ, ಗೃಹಪ್ರವೇಶ ಅಂತ ಕ್ಯಾಮೆರಾ ಹಿಡಿದುಕೊಂಡೇ ಬದುಕುತ್ತಿದ್ದೇನೆ. ಹಳೇ ಲೆನ್ಸ್ ಹಿಡಿದುಕೊಂಡು ಬರುವವರು ಕೇಳುವುದೆಲ್ಲ ಇದೇ ಪ್ರಶ್ನೆ. ಚೆನ್ನಾಗಿ ಫೋಟೋ ಬರುವ ಲೆನ್ಸನ್ನು ನಾಲ್ಕು ಕಣ ಧೂಳು ಕಂಡಿತು ಅಂತ ಬಿಚ್ಚಿಸಿ ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ. ಆರು ತಿಂಗಳ ಹಿಂದೆ ತಂದಿದ್ದರೆ ಉಳಿಯುತ್ತಿದ್ದ ಲೆನ್ಸನ್ನು ತಡವಾಗಿ ತಂದವರನ್ನೂ ನೋಡಿದ್ದೇನೆ. ಎರಡೂ ಹೊಟ್ಟೆ ಉರಿಸುವ ವಿಷಯ. ಹಾಗಾಗಿ ಅವತ್ತು ಅಕ್ಕನ ಮಗನ ಜೊತೆ ಕೂತು ಮಾಡಿದ ಪರೀಕ್ಷೆಯನ್ನೇ ಕ್ರಮವಾಗಿ ಬರೆಯುತ್ತಿದ್ದೇನೆ. ಏನಾಗಿದೆ ಅಂತ ಟಾರ್ಚ್ ಹೇಳುತ್ತದೆ. ರಿಪೇರಿ ಬೇಕೋ ಬೇಡವೋ ಅಂತ ಫೋಟೋನೇ ಹೇಳಬೇಕು.

ತಪ್ಪು ಲೆನ್ಸಿನದ್ದೇನಾ?

ಅರ್ಧಕ್ಕರ್ಧ ಸಲ ತೊಂದರೆ ಲೆನ್ಸಿನಲ್ಲಿ ಇರುವುದೇ ಇಲ್ಲ. ಆ ಲೆನ್ಸನ್ನು ಇನ್ನೊಂದು ಕ್ಯಾಮೆರಾಕ್ಕೆ ಹಾಕಿ ನೋಡಿ, ಈ ಕ್ಯಾಮೆರಾಕ್ಕೆ ಇನ್ನೊಂದು ಲೆನ್ಸ್ ಹಾಕಿ ನೋಡಿ. ಸ್ನೇಹಿತರ ಹತ್ತಿರ ಐದು ನಿಮಿಷಕ್ಕೆ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಆಕಾಶದ ಫೋಟೋದಲ್ಲಿ ಕಪ್ಪು ಚುಕ್ಕೆ ಕಾಣುತ್ತಿದೆಯಾ? ಎಫ್ 16 ಇಟ್ಟು ಮೂರ್ನಾಲ್ಕು ಫೋಟೋ ತೆಗೆಯಿರಿ (ಎಫ್ ಅಂಕಿ ದೊಡ್ಡದಾದಷ್ಟೂ ಲೆನ್ಸಿನೊಳಗಿನ ಬೆಳಕಿನ ಕಿಂಡಿ, ಅಂದರೆ ಅಪರ್ಚರ್, ಸಣ್ಣದು). ಲೆನ್ಸ್ ಬದಲಿಸಿದರೂ ಚುಕ್ಕೆ ಅದೇ ಜಾಗದಲ್ಲಿದ್ದರೆ ಅದು ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲಿನ ಧೂಳು. ಲೆನ್ಸ್ ಒಳಗಿನ ಧೂಳು ಹಾಗೆ ಚುಕ್ಕೆಯಾಗಿ ಮೂಡುವುದಿಲ್ಲ. ಲೆನ್ಸ್ ಮುಂದೆ ಯುವಿ ಫಿಲ್ಟರ್ (ರಕ್ಷಣೆಗೆ ಹಾಕುವ ಗಾಜು) ಇದ್ದರೆ ಬಿಚ್ಚಿ. ಎಷ್ಟೋ ಲೆನ್ಸಿನ ಮಬ್ಬು ಆ ಫಿಲ್ಟರಿನದ್ದೇ ಆಗಿರುತ್ತದೆ.

ನಿಕಾನ್ ಬಳಸುವವರಿಗೆ ಎರಡು ಮಾತು. ಎಎಫ್-ಡಿ ಅನ್ನುವ ಹಳೇ ಆಟೋಫೋಕಸ್ ಲೆನ್ಸಿನೊಳಗೆ ಫೋಕಸ್ ಮೋಟರ್ ಇರುವುದಿಲ್ಲ, ಕ್ಯಾಮೆರಾದ ಮೋಟರೇ ಅದನ್ನು ತಿರುಗಿಸಬೇಕು. ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಆ ಮೋಟರ್ ಇಲ್ಲ. ಅವುಗಳಿಗೆ ಈ ಲೆನ್ಸ್ ಹಾಕಿ "ಆಟೋಫೋಕಸ್ ಹೋಗಿದೆ" ಅಂತ ರಿಪೇರಿಗೆ ಕೊಟ್ಟರೆ ದುಡ್ಡು ದಂಡ. ಇನ್ನೊಂದು, ಪರದೆಯಲ್ಲಿ 'ಎಫ್‌ಇಇ' ಅಂತ ಮಿನುಗಿದರೆ ಹೆದರಬೇಡಿ. ಲೆನ್ಸ್ ಮೇಲಿನ ಅಪರ್ಚರ್ ರಿಂಗನ್ನು 22 ಅಥವಾ 16, ಯಾವುದು ಅತಿ ದೊಡ್ಡ ಅಂಕಿಯೋ ಅಲ್ಲಿಗೆ ತಿರುಗಿಸಿ ಲಾಕ್ ಮಾಡಿದರೆ ಹೋಗುತ್ತದೆ.

ಕ್ಯಾನನ್‌ನಲ್ಲಿ 'ಎರರ್ 01' ಬಂದರೆ ಕ್ಯಾಮೆರಾ ಮತ್ತು ಲೆನ್ಸ್ ನಡುವೆ ಮಾತು ಕಡಿದಿದೆ ಅಂತ ಅರ್ಥ. ಹಿಂಬದಿಯ ಚಿನ್ನದ ಬಣ್ಣದ ಪಿನ್‌ಗಳನ್ನು ಐಸೋಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಮೆತ್ತನೆ ಬಟ್ಟೆಯಿಂದ ಒರೆಸಿ. ನಮ್ಮ ಹವೆಗೆ ಅಲ್ಲಿ ಕಿಲುಬು ಕೂರುವುದು ಸಾಮಾನ್ಯ. ಒರೆಸಿದರೂ ಹೋಗದಿದ್ದರೆ ಅಪರ್ಚರನ್ನು ಪೂರ್ತಿ ತೆರೆದು ಒಂದು ಫೋಟೋ, ಎಫ್ 8ರಲ್ಲಿ ಒಂದು ಫೋಟೋ ತೆಗೆಯಿರಿ. ಮೊದಲನೆಯದು ಬಂದು ಎರಡನೆಯದಕ್ಕೆ ಎರರ್ ಬಂದರೆ ಅಪರ್ಚರ್ ಭಾಗ ಅಥವಾ ಅದಕ್ಕೆ ಹೋಗುವ ರಿಬ್ಬನ್ ಕೇಬಲ್ ಮೇಲೆ ಅನುಮಾನ ಪಡಬೇಕು. ಇದನ್ನು ರಿಪೇರಿಯವರಿಗೆ ಮೊದಲೇ ಹೇಳಿದರೆ ಅವರಿಗೂ ಕೆಲಸ ಹಗುರ, ನಿಮಗೂ ಖರ್ಚಿನ ಅಂದಾಜು ಸಿಗುತ್ತದೆ.

ಅಡಾಪ್ಟರ್ ಹಾಕಿ ಹಳೇ ಸ್ಕ್ರೂ ಮೌಂಟ್ ಲೆನ್ಸ್ ಬಳಸುವವರು ದೂರದ ಬೆಟ್ಟ ಫೋಕಸ್ ಆಗುತ್ತಿಲ್ಲ ಅನ್ನುತ್ತಾರೆ. ಎಂ42 ಅನ್ನುವ ಆ ಸ್ಕ್ರೂ ಲೆನ್ಸಿಗೆ ಸೆನ್ಸರಿನಿಂದ ಮೌಂಟಿಗೆ, ಅಂದರೆ ಲೆನ್ಸ್ ಕೂರುವ ಬಾಯಿಗೆ, 45.46 ಮಿಲಿಮೀಟರ್ ದೂರ ಇರಬೇಕು. ನಿಕಾನ್ ಎಫ್ ಮೌಂಟಿನಲ್ಲಿ ಅದು 46.5. ಗಾಜಿಲ್ಲದ ಅಡಾಪ್ಟರ್ ಹಾಕಿದರೆ ಮುಳ್ಳಯ್ಯನಗಿರಿ ಎಂದೂ ಸ್ಪಷ್ಟವಾಗುವುದಿಲ್ಲ. ಅದೇ ಲೆನ್ಸ್ 44 ಮಿಲಿಮೀಟರಿನ ಕ್ಯಾನನ್ ಇಎಫ್ ಮೌಂಟಿಗೆ ಸರಿಯಾಗಿ ಕೂರುತ್ತದೆ. ಲೆನ್ಸ್ ಬಿಚ್ಚಿಸಿ ಪ್ರಯೋಜನವಿಲ್ಲ.

ಟಾರ್ಚ್ ಹೇಳುವುದೇನು

ಎರಡೂ ಕಡೆಯ ಮುಚ್ಚಳ ತೆಗೆಯಿರಿ. ಅಪರ್ಚರ್ ಪೂರ್ತಿ ತೆರೆಯಬೇಕು: ರಿಂಗ್ ಇದ್ದರೆ ಅತಿ ಸಣ್ಣ ಅಂಕಿಗೆ ತಿರುಗಿಸಿ, ರಿಂಗ್ ಇಲ್ಲದ ನಿಕಾನ್ ಲೆನ್ಸಾದರೆ ಹಿಂಬದಿಯ ಪುಟ್ಟ ಕಡ್ಡಿಯನ್ನು ಬೆರಳಲ್ಲಿ ಸರಿಸಿ ಹಿಡಿಯಿರಿ, ಕ್ಯಾನನ್ ಇಎಫ್ ಲೆನ್ಸ್ ಬಿಚ್ಚಿಟ್ಟಾಗ ತಾನಾಗೇ ತೆರೆದಿರುತ್ತದೆ. ಕೋಣೆಯ ದೀಪ ಆರಿಸಿ, ಹಿಂದಿನಿಂದ ಸ್ವಲ್ಪ ಓರೆಯಾಗಿ ಬೆಳಕು ಬಿಡಿ. ನೇರ ಬಿಟ್ಟರೆ ಕಣ್ಣು ಕೋರೈಸುತ್ತದೆ ಅಷ್ಟೇ, ಏನೂ ಕಾಣುವುದಿಲ್ಲ. ನಿಧಾನಕ್ಕೆ ಲೆನ್ಸ್ ತಿರುಗಿಸುತ್ತಾ ನೋಡಿ.

ಬಿಡಿಬಿಡಿಯಾಗಿ ಮಿನುಗುವ ಚುಕ್ಕೆಗಳು ಧೂಳು. ಹೊಸ ಲೆನ್ಸಿನಲ್ಲೂ ಇರುತ್ತವೆ. ಅದರ ತಂಟೆಗೆ ಹೋಗಬೇಡಿ.

ಉಸಿರು ಊದಿದ ಕನ್ನಡಿಯ ಹಾಗೆ ಸಮನಾಗಿ ಹರಡಿದ ಬಿಳಿ ಪೊರೆ ಕಂಡರೆ ಅದು ಮಬ್ಬು. ಒಳಗಿನ ಗ್ರೀಸಿನ ಎಣ್ಣೆ ವರ್ಷಗಟ್ಟಲೆ ಆವಿಯಾಗಿ ಗಾಜಿನ ಮೇಲೆ ಕೂತಿರುತ್ತದೆ. ಬಿಚ್ಚಬಲ್ಲವರ ಕೈಯಲ್ಲಿ ಬಹುಮಟ್ಟಿಗೆ ಒರೆಸಿದರೆ ಹೋಗುವಂಥದ್ದು.

ಅಂಚಿನಿಂದ ಒಳಕ್ಕೆ ಕಾಮನಬಿಲ್ಲಿನ ಬಣ್ಣದ ತೇಪೆ, ಇಲ್ಲವೇ ಗುಳ್ಳೆ ಕಂಡರೆ ಬೇರೆ ಕತೆ. ಎರಡು ಗಾಜನ್ನು ಸೇರಿಸಿದ ಅಂಟು ಬಿಡುತ್ತಿದೆ. ಹಳೇ ಲೆನ್ಸುಗಳಲ್ಲಿ ಕೆನಡಾ ಬಾಲ್ಸಮ್ ಅನ್ನುವ ಮರದ ಅಂಟು ಬಳಸುತ್ತಿದ್ದರು. ಗಾಜು ಬೇರ್ಪಡಿಸಿ, ಮತ್ತೆ ಸರಿಯಾಗಿ ನಡುಮಧ್ಯಕ್ಕೆ ಕೂರಿಸಿ ಅಂಟಿಸುವ ಕೆಲಸ ಎಲ್ಲರಿಗೂ ಬರುವುದಿಲ್ಲ. ಅಪರೂಪದ ಲೆನ್ಸಲ್ಲದಿದ್ದರೆ ನಾನು ಇದಕ್ಕೆ ಖರ್ಚು ಮಾಡುವುದಿಲ್ಲ. ತೇಪೆ ಅಂಚಿನಲ್ಲೇ ಇದ್ದರೆ ಹಾಗೇ ಬಳಸುತ್ತೇನೆ.

ಗಾಜೇ ಚಹಾ ಬಣ್ಣಕ್ಕೆ ತಿರುಗಿದ್ದರೆ ಕೊಳೆ ಅಂದುಕೊಳ್ಳಬೇಡಿ. ಸೂಪರ್ ಟಕುಮಾರ್ 50 ಎಂ.ಎಂ. ಎಫ್ 1.4ರಂಥ ಕೆಲವು ಲೆನ್ಸುಗಳ ಗಾಜಿನಲ್ಲಿ ಥೋರಿಯಂ ಅನ್ನುವ ವಿಕಿರಣ ಸೂಸುವ ಲೋಹ ಬಳಸಿದ್ದರು, ಕಾಲ ಕಳೆದಂತೆ ಅದು ಹಳದಿಗೆ ತಿರುಗುತ್ತದೆ. ಯುವಿ ದೀಪದ ಕೆಳಗೆ ಕೆಲವು ದಿನ ಇಟ್ಟರೆ ಬಣ್ಣ ತಿಳಿಯಾಗುತ್ತದೆ.

ಇನ್ನು ನಮ್ಮ ಕಡೆಯ ದೊಡ್ಡ ಶತ್ರು. ಬೇರಿನ ಹಾಗೆ ಕವಲೊಡೆದ ಎಳೆಗಳು, ಒಂದು ಬಿಂದುವಿನಿಂದ ಸುತ್ತಲೂ ಹರಡಿದ ನಕ್ಷತ್ರ: ಫಂಗಸ್, ಅಂದರೆ ಬೂಸ್ಟು. ಅಕ್ಕನ ಮಗ ತಂದ ಲೆನ್ಸಿನಲ್ಲಿ ಇದ್ದದ್ದು ಇದೇ. ಓರೆ ಬೆಳಕು ಬಿದ್ದ ಕೂಡಲೇ ಮುಂದಿನ ಗಾಜಿನ ಹಿಂಭಾಗದಲ್ಲಿ ಮೂರು ಕಡೆ ಎಳೆ ಕಂಡವು. ಅಂಚಿನಲ್ಲಿ ಎರಡು, ಸುಮಾರು ಹೆಸರುಕಾಳಿನಷ್ಟು. ಮೂರನೆಯದು ದೊಡ್ಡದು, ನಡುವಿನ ತನಕ ಬಂದಿತ್ತು. ತುದಿಗಳು ಎಷ್ಟು ಸಣ್ಣ ಅಂದರೆ, ಲೆನ್ಸನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮಾಯ, ಮತ್ತೆ ತಿರುಗಿಸಿದರೆ ಪ್ರತ್ಯಕ್ಷ. ಹುಡುಗ ಉಸಿರು ಬಿಗಿಹಿಡಿದು ನೋಡುತ್ತಿದ್ದ.

ಫಂಗಸ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು

ಇದು ಜೀವ ಇರುವ ವಸ್ತು. ಗಾಳಿಯ ತೇವ ಶೇ 60–70 ದಾಟಿ ಬಹಳ ದಿನ ಹಾಗೇ ಇದ್ದರೆ, ಕತ್ತಲೆಯೂ ಸಿಕ್ಕರೆ ಬೆಳೆಯುತ್ತದೆ. ಆರಿದ್ರಾ ಮಳೆ ಹಿಡಿದ ದಿನಗಳಲ್ಲಿ ಅಕ್ಕನ ಮನೆಯ ನಡುಮನೆಯಲ್ಲಿ ನನ್ನ ತೇವದ ಮೀಟರ್ 92 ತೋರಿಸಿತ್ತು. ಕಾಫಿ ಬೀಜದ ತೇವವನ್ನು ಮೀಟರ್ ಇಟ್ಟು ಅಳೆದು ಮೂಟೆ ಕಟ್ಟುವ ಮನೆಯಲ್ಲಿ ಕ್ಯಾಮೆರಾ ಇಟ್ಟ ಬೀರುವಿನ ತೇವವನ್ನು ಯಾರೂ ಅಳೆಯುವುದಿಲ್ಲ.

ಫಂಗಸ್ ಬೆಳೆಯುತ್ತಾ ಹುಳಿ ಬಿಡುತ್ತದೆ. ಅದು ಮೊದಲು ಗಾಜಿನ ಮೇಲಿನ ಕೋಟಿಂಗನ್ನು, ಆಮೇಲೆ ಗಾಜನ್ನೇ ತಿನ್ನುತ್ತದೆ. ಬೇಗ ತೆಗೆಸಿದರೆ ಒರೆಸಿದ ಜಾಗ ಹೊಸದರಂತಿರುತ್ತದೆ. ತಡವಾದರೆ ಎಳೆ ಹೋದರೂ ಅದರ ಅಚ್ಚು ಉಳಿಯುತ್ತದೆ, ಆ ಅಚ್ಚನ್ನು ಯಾರಿಂದಲೂ ತೆಗೆಯಲಾಗುವುದಿಲ್ಲ. ಧೂಳು, ಗೀರು, ಸವೆದ ಕೋಟಿಂಗ್ ಇವೆಲ್ಲ ಇದ್ದಲ್ಲೇ ಇರುತ್ತವೆ, ಫಂಗಸ್ ಮಾತ್ರ ಕಾಯುವುದಿಲ್ಲ. ಫೋಟೋದಲ್ಲಿ ಇನ್ನೂ ಕಾಣದಿದ್ದರೂ ನಾನು ಶುಚಿ ಮಾಡಿಸಿ ಅನ್ನುವುದು ಇದೊಂದಕ್ಕೇ.

ಬಿಸಿಲಿಗೆ ಇಟ್ಟರೆ ಸಾಯುತ್ತದೆ ಅಂತ ಕಣದಲ್ಲಿ ಕಾಫಿ ಹರವಿದ ಹಾಗೆ ಲೆನ್ಸ್ ಒಣಗಿಸುವವರಿದ್ದಾರೆ. ದಯವಿಟ್ಟು ಬೇಡ. ಲೆನ್ಸ್ ಅಂದರೆ ಭೂತಗನ್ನಡಿ. ಸೂರ್ಯನ ಬೆಳಕನ್ನು ಒಟ್ಟುಮಾಡಿ ಅಪರ್ಚರ್ ಬ್ಲೇಡನ್ನು (ಕಿಂಡಿಯನ್ನು ಕಿರಿದಾಗಿಸುವ ತೆಳು ತಗಡನ್ನು) ಸುಡಬಹುದು, ಕೆಳಗಿನ ಬಟ್ಟೆಗೆ ಬೆಂಕಿ ಹತ್ತಿಸಬಹುದು. ಶಾಖಕ್ಕೆ ಗ್ರೀಸ್ ಕರಗಿ ಬ್ಲೇಡಿಗೆ ಇಳಿಯುತ್ತದೆ. ಮೇಲಾಗಿ, ಸತ್ತ ಎಳೆಯೂ ಗಾಜಿನ ಮೇಲೆ ಅಂಟಿಕೊಂಡೇ ಇರುತ್ತದೆ. ಒರೆಸದೆ ಹೋಗುವುದಿಲ್ಲ.

ಫಂಗಸ್ ಇರುವ ಲೆನ್ಸ್ ಪಕ್ಕ ಇಟ್ಟರೆ ಮಿಕ್ಕವಕ್ಕೂ ಅಂಟುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಬೂಸ್ಟಿನ ಬೀಜ ನಮ್ಮ ಗಾಳಿಯಲ್ಲೇ ಇದೆ, ಎಲ್ಲ ಲೆನ್ಸಿನೊಳಗೂ ಇದೆ. ಒಂದೇ ಬೀರುವಿನಲ್ಲಿ ನಾಲ್ಕು ಲೆನ್ಸಿಗೂ ಫಂಗಸ್ ಬಂದರೆ, ನಾಲ್ಕಕ್ಕೂ ಒಂದೇ ತೇವ ಸಿಕ್ಕಿದೆ ಅಂತ ತಿಳಿಯಬೇಕು. ಬೇರೆ ಇಟ್ಟರೆ ಒಳ್ಳೆಯದೇ, ಆದರೆ ಬೀರು ಒಣಗದಿದ್ದರೆ ಬೇರೆ ಇಟ್ಟೂ ಉಪಯೋಗವಿಲ್ಲ.

ಗೋಡೆಗೆ ಪೇಪರ್ ಅಂಟಿಸಿ

ಈಗ ಫೋಟೋ. ದಿನಪತ್ರಿಕೆಯ ಜಾಹೀರಾತು ಪುಟಗಳನ್ನು ಗೋಡೆಗೆ ಸಮತಟ್ಟಾಗಿ ಅಂಟಿಸಿ, ಚೌಕಟ್ಟು ತುಂಬುವಷ್ಟು. ಸಣ್ಣಕ್ಷರದ ವಧೂವರರ ಪುಟ ಆದರೆ ಇನ್ನೂ ಒಳ್ಳೆಯದು. ನಮ್ಮ ಒತ್ತಕ್ಷರಗಳಷ್ಟು ಒಳ್ಳೆಯ ಪರೀಕ್ಷೆ ಬೇರೆ ಬೇಡ, ಲೆನ್ಸ್ ಮೆತ್ತಗಿದ್ದರೆ ಮೊದಲು ಕರಗುವುದೇ ಅವು. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿ, ಪೂರ್ತಿ ತೆರೆದು ಒಂದು, ಎಫ್ 4ಕ್ಕೆ ಒಂದು, ಎಫ್ 8ಕ್ಕೆ ಒಂದು ತೆಗೆಯಿರಿ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನಾಲ್ಕು ಮೂಲೆ ನೋಡಿ.

ಪೂರ್ತಿ ತೆರೆದಾಗ ಮೂಲೆ ಮೆತ್ತಗಿರುವುದು ಹಳೇ ಲೆನ್ಸಿನ ಗುಣ, ದೋಷವಲ್ಲ. ಎಫ್ 8ರಲ್ಲೂ ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಇನ್ನೊಮ್ಮೆ ತೆಗೆಯಿರಿ. ಗೋಡೆಯ ಅದೇ ಬದಿ ಮತ್ತೆ ಮಸುಕಾದರೆ ನೀವು ಗೋಡೆಗೆ ನೇರವಾಗಿ ನಿಂತಿಲ್ಲ. ಮಸುಕು ಕ್ಯಾಮೆರಾದ ಜೊತೆ ತಿರುಗಿದರೆ ಒಳಗಿನ ಗಾಜು ಜರುಗಿದೆ, ಲೆನ್ಸ್ ಎಂದೋ ಬಿದ್ದಿರಬೇಕು. ಇದನ್ನು ಸರಿಪಡಿಸಲು ಅಳತೆಯ ಸಲಕರಣೆ ಬೇಕು. ಸಾಮಾನ್ಯ ಲೆನ್ಸಿಗೆ ಆ ಖರ್ಚು ದಂಡ.

ಎರಡನೇ ಫೋಟೋ ಬೆಳಕಿಗೆ ಎದುರಾಗಿ. ಕತ್ತಲೆ ಕೋಣೆಯಿಂದ ಕಿಟಕಿಯ ಕಡೆಗೆ, ಅಥವಾ ರಾತ್ರಿ ಬೀದಿ ದೀಪಕ್ಕೆ. ಮಬ್ಬು, ಫಂಗಸ್ ಎರಡೂ ಸಿಕ್ಕಿಬೀಳುವುದು ಇಲ್ಲೇ. ಪೇಪರ್ ಪರೀಕ್ಷೆಯಲ್ಲಿ ತಾತನ ಲೆನ್ಸ್ ಚೆನ್ನಾಗಿ ಪಾಸಾಯಿತು, ನಡುವಿನ ಅಕ್ಷರ ಕೆತ್ತಿದ ಹಾಗಿತ್ತು. ಮಾರನೇ ದಿನ ಬೇಲೂರಿಗೆ ಹೋದೆವು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯ ನವರಂಗ ಈ ಪರೀಕ್ಷೆಗೆ ಹೇಳಿ ಮಾಡಿಸಿದ ಜಾಗ: ಒಳಗೆ ಕಪ್ಪು ಕಂಬಗಳು, ಸುತ್ತ ಕಲ್ಲಿನ ಜಾಲಂಧ್ರದಿಂದ ತೂರಿ ಬರುವ ಬಿಳಿ ಬೆಳಕು. ಜಾಲಂಧ್ರವನ್ನು ಚೌಕಟ್ಟಿನ ಮೂಲೆಯಲ್ಲಿಟ್ಟು ಕಂಬದ ಫೋಟೋ ತೆಗೆದ. ಕಲ್ಲಿನ ಕಪ್ಪು ಕಪ್ಪಾಗಿ ಬರಲಿಲ್ಲ, ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಯಿತು. ಅದೇ ಜಾಗದಲ್ಲಿ ನನ್ನ ಲೆನ್ಸ್ ಹಾಕಿ ತೆಗೆದಾಗ ಕಂಬದ ತಿರುಗಣೆಯ ಗೆರೆಗಳೆಲ್ಲ ಕಂಡವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಅವನು ಏನೂ ಕೇಳಲಿಲ್ಲ.

ತಿರುಗುವ ಭಾಗಗಳು

ಅಪರ್ಚರ್ ಬ್ಲೇಡು ಒಣಗಿರಬೇಕು. ರಿಂಗನ್ನು 16ಕ್ಕಿಟ್ಟು ಹಿಂಬದಿಯ ಕಡ್ಡಿ ಒತ್ತಿ ಬಿಟ್ಟರೆ ಬ್ಲೇಡುಗಳು ಪಟ್ಟನೆ ಮುಚ್ಚಿಕೊಳ್ಳಬೇಕು. ತೆವಳುತ್ತಾ ಮುಚ್ಚಿದರೆ ಎಣ್ಣೆ ಇಳಿದಿದೆ. ಮ್ಯಾನುವಲ್‌ನಲ್ಲಿ ಎಫ್ 16 ಇಟ್ಟು ಒಂದೇ ಸಮ ಹತ್ತು ಫೋಟೋ ಹೊಡೆಯಿರಿ. ಒಂದು ಬೆಳ್ಳಗೆ, ಒಂದು ಸರಿ ಅಂತ ಬಂದರೆ ಅದೇ ಕಾರಣ. ಚಳಿಯ ಬೆಳಗ್ಗೆ ಇದು ಇನ್ನೂ ಜಾಸ್ತಿಯಾಗುತ್ತದೆ. ಶುಚಿ ಮಾಡಿದರೆ ಸರಿಹೋಗುವ ತೊಂದರೆ, ಮಾಡಿಸಿ.

ಫೋಕಸ್ ರಿಂಗ್ ಬಿಗಿಯಾಗಿದ್ದರೆ ಗ್ರೀಸ್ ಗಟ್ಟಿಯಾಗಿದೆ. ತಿರುಗಿಸಲು ಬರುತ್ತಿದ್ದರೆ ತುರ್ತಿಲ್ಲ. ರಬ್ಬರ್ ಸಡಿಲವಾಗಿದ್ದರೆ, ಜೂಮ್ ತಾನಾಗಿ ಜಾರುತ್ತಿದ್ದರೆ ರಿಪೇರಿಯ ಮಾತೇ ಬೇಡ. ಒಳಗೆ ಮೋಟರ್ ಇರುವ ಲೆನ್ಸ್ ಕೀರಲು ಸದ್ದು ಮಾಡಿ ಫೋಕಸ್ ನಿಲ್ಲಿಸಿದರೆ ಬಿಡಿಭಾಗ ಸಿಗುತ್ತದಾ ಅಂತ ಮೊದಲು ಕೇಳಿ, ಆಮೇಲೆ ಕೊಡಿ. ಪೂರ್ತಿ ಲೋಹದ ಹಳೇ ಲೆನ್ಸಿಗೆ ಬಿಡಿಭಾಗ ಸಿಗದಿದ್ದರೂ ನಡೆಯುತ್ತದೆ, ಒರೆಸಿ ಗ್ರೀಸ್ ಹಾಕಿದರೆ ಮತ್ತೆ ಓಡುತ್ತದೆ. ಎಲೆಕ್ಟ್ರಾನಿಕ್ ಲೆನ್ಸಿಗೆ ಆ ಅನುಕೂಲ ಇಲ್ಲ.

ಖರ್ಚಿನ ಲೆಕ್ಕ

ಅಂಥದ್ದೇ ಒಳ್ಳೆಯ ಲೆನ್ಸ್ ಸೆಕೆಂಡ್ ಹ್ಯಾಂಡಿನಲ್ಲಿ ಎಷ್ಟಕ್ಕೆ ಸಿಗುತ್ತದೆ ನೋಡಿ. ರಿಪೇರಿ ಖರ್ಚು ಅದರ ಅರ್ಧ ದಾಟಿದರೆ ನಾನು ಬಿಡುತ್ತೇನೆ. ಕಿಟ್ ಜೊತೆ ಬಂದ 18–55 ಜೂಮಿಗೆ ಫಂಗಸ್ ಬಂದರೆ ಈ ಲೆಕ್ಕದಲ್ಲಿ ಅದು ಉಳಿಯುವುದಿಲ್ಲ. ತಾತನ ಲೆನ್ಸಿಗೆ ಬೆಂಗಳೂರಿನ ಒಬ್ಬರು 1,500 ರೂಪಾಯಿ ಹೇಳಿದರು, ಅಂಥದ್ದು ಹೊರಗೆ 5,000ದ ಆಸುಪಾಸು ಇತ್ತು. ಕೊಡುವುದಕ್ಕೆ ಯೋಚನೆ ಬೇಕಿರಲಿಲ್ಲ. ಇಲ್ಲಿ ಒಂದು ಮಾತು ಸೇರಿಸುತ್ತೇನೆ: ಮನೆಯ ಹಿರಿಯರ ಕೈ ತಾಗಿದ ವಸ್ತುವಾದರೆ ಅರ್ಧದ ಲೆಕ್ಕ ಹಿಡಿಯಬೇಡಿ. ಹುಡುಗನ ನಾಮಕರಣದ ಫೋಟೋ ತೆಗೆದದ್ದು ಅದೇ ಲೆನ್ಸಿನಲ್ಲಿ. 4,000 ಹೇಳಿದ್ದರೂ ಕೊಡು ಅನ್ನುತ್ತಿದ್ದೆ.

ಕೊಡುವ ಮೊದಲು ಟಾರ್ಚ್ ಬೆಳಕಿನಲ್ಲಿ ಲೆನ್ಸಿನ ಫೋಟೋ ತೆಗೆದಿಡಿ. ಫಂಗಸ್ ಇರುವುದು ಅಂಟಿಸಿದ ಗಾಜುಗಳ ನಡುವೆಯಾ ಅಂತ ಕೇಳಿ. ಹೌದಾದರೆ ಒರೆಸಲು ಆಗುವುದಿಲ್ಲ, ಅಲ್ಲಿಗೆ ಮುಗಿಯಿತು. ನನ್ನ ಒಂದು ಲೆನ್ಸನ್ನು ಹಿಂದೊಮ್ಮೆ ಒಬ್ಬರು ಶುಚಿ ಮಾಡಿ ಒಂದು ಗಾಜನ್ನು ತಿರುಗುಮುರುಗು ಕೂರಿಸಿ ಕೊಟ್ಟಿದ್ದರು. ಗಾಜು ಫಳಫಳ ಹೊಳೆಯುತ್ತಿತ್ತು, ನೋಡಿ ಸಂತೋಷಪಟ್ಟು ದುಡ್ಡು ಕೊಟ್ಟು ಬಂದೆ. ಮದುವೆ ಮನೆಯಲ್ಲಿ ತೆಗೆದ ಮೇಲೆ ಗೊತ್ತಾಯಿತು, ನಡು ಬಿಟ್ಟು ಸುತ್ತೆಲ್ಲ ಕಲಸಿಹೋಗಿದೆ ಅಂತ. ಅವತ್ತಿನಿಂದ ಪೇಪರ್ ಪರೀಕ್ಷೆ ಎರಡು ಸಲ ಮಾಡುತ್ತೇನೆ, ಕೊಡುವ ಮೊದಲು ಒಮ್ಮೆ, ವಾಪಸ್ ಬಂದ ದಿನ ಒಮ್ಮೆ. ಜೊತೆಗೆ ರಾತ್ರಿ ಚಂದ್ರನಿಗೆ ಫೋಕಸ್ ಮಾಡಿ, ಅನಂತಕ್ಕೆ, ಅಂದರೆ ಅತಿ ದೂರದ ವಸ್ತುವಿಗೆ, ಫೋಕಸ್ ಹೋಗುತ್ತದಾ ಅಂತಲೂ ನೋಡುತ್ತೇನೆ.

ಮನೆಯಲ್ಲೇ ಬಿಚ್ಚುವ ಆಸೆ ಇದ್ದರೆ ಮೊದಲು ಬೆಲೆ ಇಲ್ಲದ ಲೆನ್ಸಿನಲ್ಲಿ ಕೈ ಪಳಗಿಸಿ. ಜಪಾನಿನ ಲೆನ್ಸಿನ ಸ್ಕ್ರೂಗಳಿಗೆ ಜೆಐಎಸ್ (ಜಪಾನಿನ ಅಳತೆಯ) ಸ್ಕ್ರೂಡ್ರೈವರ್ ಬೇಕು. ಅಂಗಡಿಯ ಸಾಮಾನ್ಯ ಸ್ಟಾರ್ ಡ್ರೈವರ್ ಅದರಲ್ಲಿ ಕೂತಂತೆ ಕಂಡರೂ ಜಾರಿ ತಲೆ ಸವೆಸುತ್ತದೆ. ಫೋಕಸ್ ರಿಂಗಿನೊಳಗಿನ ತಿರುಪಿನ ಮರೆಯನ್ನು ಬಿಚ್ಚುವಾಗ ಎರಡು ಭಾಗ ಬೇರೆಯಾಗುವ ಕ್ಷಣದ ಜಾಗವನ್ನು ಗೀರಿ ಗುರುತು ಮಾಡಿ. ಆ ಮರೆ ಹಲವು ಕಡೆ ಕಚ್ಚಿಕೊಳ್ಳುತ್ತದೆ, ತಪ್ಪು ಕಡೆ ಕಚ್ಚಿದರೆ ಅನಂತದ ಫೋಕಸ್ ಹೋಗುತ್ತದೆ.

ವಾಪಸ್ ಬಂದ ಮೇಲೆ

ಚರ್ಮದ ಕೇಸಿಗೆ ಮತ್ತೆ ಹಾಕಬೇಡಿ. ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ, ಬೂಸ್ಟಿಗೆ ಅದೇ ಊಟ. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಸಿಲಿಕಾ ಜೆಲ್, ಒಂದು ಪುಟ್ಟ ತೇವದ ಮೀಟರ್. ಇಷ್ಟು ಸಾಕು. ಮೀಟರ್ 40ರಿಂದ 50ರ ನಡುವೆ ಇರಲಿ, ತೀರಾ ಒಣಗಿಸುವುದೂ ಬೇಡ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ, ಕಿತ್ತಳೆ ಜೆಲ್ ಹಸಿರಿಗೆ ತಿರುಗಿದರೆ ತೇವ ತುಂಬಿದೆ ಅಂತ. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟರೆ ಮೊದಲಿನ ಬಣ್ಣ ಬರುತ್ತದೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳ ಕೈಗೆ ಸಿಗದಿರಲಿ. ಅಕ್ಕಿಯಲ್ಲಿ ಹೂತಿಡುವುದು ಬೇಡ, ಅದರ ಹುಡಿ ಲೆನ್ಸ್ ಸೇರುತ್ತದೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೋ ತೆಗೆಯಿರಿ.

ತಾತನ ಲೆನ್ಸ್ ಮೂರು ವಾರಕ್ಕೆ ವಾಪಸ್ ಬಂತು. ಅಂಚಿನ ಎರಡು ಕಲೆ ಪೂರ್ತಿ ಹೋಗಿದ್ದವು. ನಡುವಿನದರ ಅಚ್ಚು ಉಳಿದಿದೆ. ಟಾರ್ಚ್ ಓರೆ ಹಿಡಿದರೆ ತೆಳುವಾದ ಬೇರಿನ ಗುರುತು ಈಗಲೂ ಕಾಣುತ್ತದೆ. ಅದನ್ನು ನೋಡಿ ಹುಡುಗನ ಮುಖ ಸಣ್ಣಗಾಯಿತು. ಗೋಡೆಗೆ ಪೇಪರ್ ಅಂಟಿಸಿದೆವು. ಭಾನುವಾರ ಬೇಲೂರಿಗೆ ಹೋಗಿ ಅದೇ ಕಂಬ, ಅದೇ ಜಾಲಂಧ್ರ, ಎಫ್ 1.8ರಲ್ಲೇ ತೆಗೆದ. ಕಲ್ಲು ಕಪ್ಪಗೆ ಬಂತು. ಪರದೆಯನ್ನು ಅಂಗೈಯಿಂದ ಮರೆಮಾಡಿಕೊಂಡು ಬಹಳ ಹೊತ್ತು ನೋಡಿ, "ಅಮ್ಮಂಗೆ ಕಳಿಸ್ತೀನಿ ಮಾವ" ಅಂದ.

ಈಗ ಲೆನ್ಸ್ ಡಬ್ಬದಲ್ಲಿದೆ. ಚರ್ಮದ ಕೇಸನ್ನು ಅಕ್ಕ ಒರೆಸಿ ಒಣಗಿಸಿ ತಾತನ ಫೋಟೋ ಪಕ್ಕ ಇಟ್ಟಿದ್ದಾಳೆ. ಮಳೆ ನಿಂತ ಮೇಲೆ, ಅಕ್ಟೋಬರ್ ಮೊದಲ ವಾರ, ಟಾರ್ಚ್ ಹಾಕಿ ನೋಡಲು ಮತ್ತೆ ತರುತ್ತೇನೆ ಅಂದಿದ್ದಾನೆ.